ಹಾಲು, ಮೀನು, ಮೂರು ನಿಮಿಷ

ಯೊಕೊಹಾಮಾದಲ್ಲಿ ನಾನಿದ್ದ ರೂಮಿನಿಂದ ಇಳಿದು ರಸ್ತೆ ದಾಟಿದರೆ ಒಂದು ಕೊಂಬಿನಿ ಇತ್ತು. ಕನ್ವೀನಿಯೆನ್ಸ್ ಸ್ಟೋರ್ ಅನ್ನೋ ಉದ್ದದ ಹೆಸರನ್ನು ಜಪಾನಿನವರು ಹಾಗೆ ಮೊಟಕು ಮಾಡಿಕೊಂಡಿದ್ದಾರೆ. ಆಫೀಸಿನವರು ಐದು ತಿಂಗಳಿಗೆ ಅಂತ ಕಳಿಸಿದ್ದರು. ಅಕ್ಟೋಬರಿಂದ ಫೆಬ್ರವರಿ, ಅಂದರೆ ಪೂರ್ತಿ ಚಳಿ. ಕೆಲಸ ಮುಗಿಸಿ ಬರುವಾಗ ರಾತ್ರಿ ಹತ್ತಾಗಿರುತ್ತಿತ್ತು. ಅಷ್ಟು ಹೊತ್ತಲ್ಲಿ ಕುಕ್ಕರ್ ಇಡುವ ಮನಸ್ಸು ಯಾರಿಗೆ ಬರುತ್ತೆ? ನಾನಂತೂ ಸೀದಾ ಆ ಅಂಗಡಿಗೆ ನುಗ್ಗಿ ನೂಡಲ್ಸ್ ಕಪಾಟಿನ ಮುಂದೆ ನಿಂತುಬಿಡುತ್ತಿದ್ದೆ.

ಆ ಕಪಾಟು ನೋಡಬೇಕು. ನೆಲದಿಂದ ತಲೆಯ ಎತ್ತರದವರೆಗೆ ನೂಡಲ್ಸಿನ ಕಪ್, ಬಟ್ಟಲು, ಚೌಕದ ಡಬ್ಬಿ. ಸೋಮವಾರ, ಮಂಗಳವಾರ ಬಂದರೆ ಹೊಸದು ನಾಲ್ಕೈದು ಸೇರಿರುತ್ತವೆ. ಹೋದ ವಾರ ಇಷ್ಟಪಟ್ಟು ತಿಂದದ್ದು ಈ ವಾರ ಮಾಯ. 'ಗೆಂತೇ' ಅನ್ನೋ ಪದ ನಾನು ಅಲ್ಲಿ ಕಲಿತ ಮೊದಲ ಪದಗಳಲ್ಲಿ ಒಂದು. ಇಷ್ಟೇ ದಿನ, ಇಷ್ಟೇ ಊರಲ್ಲಿ, ಇದೇ ಅಂಗಡಿಯಲ್ಲಿ ಮಾತ್ರ ಅಂತ ಅದರ ಅರ್ಥ. ಆ ಪದ ಕಂಡರೆ ಕೈ ತಾನಾಗೇ ಮುಂದೆ ಹೋಗುತ್ತದೆ. ಬೇಕಂತಲೇ ಹಾಗೆ ಮಾಡಿರುತ್ತಾರೆ, ಗೊತ್ತಿದ್ದೂ ನಾನು ಬೀಳುತ್ತಿದ್ದೆ.

ಕೌಂಟರ್ ಪಕ್ಕದಲ್ಲೇ ಬಿಸಿನೀರಿನ ಪಾಟ್ ಇರುತ್ತದೆ. ಒತ್ತಿದರೆ ನೀರು. ಅಲ್ಲೇ ಕೂತು ತಿಂದರೆ ಶೇಕಡಾ 10 ತೆರಿಗೆ, ಹೊರಗೆ ತಗೊಂಡು ಹೋದರೆ 8. 2019ರ ಅಕ್ಟೋಬರ್‌ನಿಂದ ಹೀಗೆ. ಆ ಎರಡು ಪರ್ಸೆಂಟಿಗಾಗಿ ನಾನು ಕುದಿಯುವ ಕಪ್ಪು ಹಿಡಿದುಕೊಂಡು ಚಳಿಯಲ್ಲಿ ರಸ್ತೆ ದಾಟಿದ್ದೇನೆ. ಎರಡು ಯೆನ್ನೋ ಮೂರು ಯೆನ್ನೋ ಉಳಿಯುತ್ತಿತ್ತು, ಬೆರಳು ಸುಟ್ಟಿದ್ದು ಬೇರೆ.

ಮೊದಲ ತಿಂಗಳು ಮೊಬೈಲಿನ ಅನುವಾದದ ಆ್ಯಪ್ ಹಿಡಿದು ಡಬ್ಬಿಗಳನ್ನು ಓದುತ್ತಿದ್ದೆ. ಒಂದರ ಮೇಲೆ ಹೀಗೆ ಬಂತು: "ಮುಚ್ಚಳ ಅರ್ಧ ತೆಗೆಯಿರಿ. ಸಿಡಿಮದ್ದನ್ನು ಹಾಕಿ. ಬಿಸಿನೀರು ಸುರಿಯಿರಿ." ನಾನು ಗಾಬರಿಯಾಗಿ ಆಫೀಸಿನಲ್ಲಿ ಒಬ್ಬರನ್ನು ಕೇಳಿದೆ. ಅವರು ನಕ್ಕು ಮೇಜು ತಟ್ಟಿದರು. ನೂಡಲ್ಸಿನ ಜೊತೆ ಬರುವ ಒಣ ತರಕಾರಿ, ಮಾಂಸದ ಚೂರುಗಳ ಪೊಟ್ಟಣಕ್ಕೆ 'ಕಾಯಕು' ಅನ್ನುತ್ತಾರೆ. ಸಿಡಿಮದ್ದಿಗೂ ಅದೇ ಉಚ್ಚಾರ. ಆ್ಯಪ್ ಪಾಪ, ತನಗೆ ತಿಳಿದ ಅರ್ಥ ಹಾಕಿತ್ತು. 'ಕಾಯಕ'ಕ್ಕೂ ಇದಕ್ಕೂ ಸಂಬಂಧ ಇಲ್ಲದಿದ್ದರೂ, ಅವತ್ತಿಂದ ನಾವು ಮೂರು ಜನ ಕನ್ನಡದವರು ಆ ಪೊಟ್ಟಣವನ್ನು ಕಾಯಕ ಅಂತಲೇ ಕರೆದೆವು. "ಕಾಯಕ ಹಾಕಿದ್ಯೇನೋ?" "ಹಾಕಿದೆ, ನೀರು ಬಿಡು."

ಮೂವರಲ್ಲಿ ಒಬ್ಬಳು ಶಿವಮೊಗ್ಗದವಳು, ಶುದ್ಧ ಸಸ್ಯಾಹಾರಿ. ಅವಳ ಕಷ್ಟ ದೇವರಿಗೇ ಪ್ರೀತಿ. ಹೊರಗಡೆ ಬರೀ ಎಲೆಕೋಸಿನ ಚಿತ್ರ ಇದ್ದರೂ ಸೂಪಿನೊಳಗೆ ಹಂದಿ, ಕೋಳಿ, ಇಲ್ಲವೇ ಒಣಗಿಸಿದ ಮೀನಿನ ರಸ ಇರುತ್ತದೆ. ಅವಳು ಒಂದು ಉಪಾಯ ಹುಡುಕಿದಳು. ಮೀನು ಅನ್ನುವ ಅಕ್ಷರದ ಕೆಳಗೆ ಸಾಲಾಗಿ ನಾಲ್ಕು ಚುಕ್ಕೆ. ಕೋಳಿಯ ಅಕ್ಷರದಲ್ಲೂ ಅಂಥದ್ದೇ ನಾಲ್ಕು ಚುಕ್ಕೆ. ಹಾಗಾಗಿ ನಾಲ್ಕು ಚುಕ್ಕೆ ಕಂಡರೆ ಡಬ್ಬಿ ವಾಪಸ್ ಇಡೋದು. ಒಂದು ವಾರದಲ್ಲಿ ಅಂಗಡಿಯಲ್ಲಿ ಒಂದೂ ಡಬ್ಬಿ ಉಳಿಯಲಿಲ್ಲ. ಆಮೇಲೆ ಗೊತ್ತಾಯಿತು, ಬಿಸಿನೀರು ಅಂತ ಬರೆಯುವಾಗ 'ಬಿಸಿ'ಗೂ ನಾಲ್ಕು ಚುಕ್ಕೆ ಹಾಕುತ್ತಾರೆ. ಬಿಸಿನೀರು ಅಂತ ಬರೆಯದ ನೂಡಲ್ಸ್ ಡಬ್ಬಿ ಎಲ್ಲಿ ಸಿಗಬೇಕು! 'ಇಲ್ಲ' ಅನ್ನುವ ಅಕ್ಷರದಲ್ಲೂ ನಾಲ್ಕು ಚುಕ್ಕೆ ಇದೆಯಂತೆ. ಅವಳು ಆಮೇಲೆ ಊರಿಂದ ತಂದ ಅವಲಕ್ಕಿಗೆ ಮರಳಿದಳು.

ನನಗೆ ಆ ತೊಂದರೆ ಇರಲಿಲ್ಲ. ಕೊಪ್ಪದ ಕಡೆಯವನು, ಕೋಳಿ, ಮೀನು ಎಲ್ಲ ನಡೆಯುತ್ತೆ. ಹಾಗಾಗಿ ಒಂದು ನಿಯಮ ಮಾಡಿಕೊಂಡೆ. ಐದು ತಿಂಗಳಲ್ಲಿ ಸಿಗುವ ವಿಚಿತ್ರ ನೂಡಲ್ಸ್ ಎಲ್ಲ ತಿಂದು ನೋಡಬೇಕು. ಏನು ವಿಚಿತ್ರ, ಏನು ಮಾಮೂಲಿ ಅಂತ ನನಗೆ ಗೊತ್ತಿದೆ ಅಂದುಕೊಂಡಿದ್ದೆ.

ವಿಚಿತ್ರ ಅಂತ ಜಗತ್ತೆಲ್ಲ ಮಾತಾಡುವುದು ಸಿಹಿ ನೂಡಲ್ಸ್ ಬಗ್ಗೆ. 2016ರ ಜನವರಿಯಲ್ಲಿ, ವ್ಯಾಲೆಂಟೈನ್ಸ್ ಡೇ ನೆಪದಲ್ಲಿ, ಮ್ಯೋಜೋ ಕಂಪನಿಯ 'ಇಪ್ಪೇ-ಚಾನ್' ಯಾಕಿಸೋಬಾ, ಅಂದರೆ ಸೂಪಿಲ್ಲದೆ ಸಾಸ್ ಕಲಸಿ ತಿನ್ನುವ ನೂಡಲ್ಸ್, ಚಾಕೊಲೇಟ್ ಸಾಸ್ ಜೊತೆ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಕ್ರಿಸ್‌ಮಸ್‌ಗೆ ಅಂತ ಕೇಕಿನ ರುಚಿಯದ್ದು. ಅವೆರಡೂ ನನಗೆ ಸಿಗುವ ಮಾತಿಲ್ಲ, ಯಾವತ್ತೋ ಬಂದು ಹೋದವು. ನನ್ನ ಕೈಗೆ ಸಿಕ್ಕ ಸಿಹಿ ಡಬ್ಬಿ ಬೇರೆ, ಯಾರದು ಅಂತ ಹೇಳಲ್ಲ. ಅದನ್ನು ತಂದ ದಿನ ರೂಮ್‌ಮೇಟ್, ಅವನು ಮಂಡ್ಯದವನು, ದೂರ ಕೂತು ಮೊಬೈಲಲ್ಲಿ ವಿಡಿಯೋ ತೆಗೆದ. ನಾನು ವಾಂತಿ ಮಾಡ್ತೀನಿ ಅನ್ನೋ ಆಸೆ ಅವನಿಗೆ.

ಬಿಸಿನೀರು ಬಸಿದು ಸಾಸ್ ಕಲಸಿದೆ. ಕೋಕೋ ವಾಸನೆಯ ಹಬೆ. ಬಾಯಿಗಿಟ್ಟೆ. ಏನೂ ಆಗಲಿಲ್ಲ. ಶಾವಿಗೆ ನೆನಪಾಯಿತು, ಅಷ್ಟೇ.

ನಮ್ಮ ಮನೆಯಲ್ಲಿ ಒತ್ತು ಶಾವಿಗೆ ಮಾಡುವ ದಿನ ಅಂದರೆ ಅರ್ಧ ಹಬ್ಬ. ಅಕ್ಕಿ ರುಬ್ಬಿ, ಕಾಯಿಸಿ ಗಟ್ಟಿ ಮಾಡಿ, ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಬೇಕು. ಬಿಸಿ ಬಿಸಿ ಇರುವಾಗಲೇ ಒರಳಿಗೆ ಹಾಕಿ ಒತ್ತಬೇಕು, ಆರಿದರೆ ಒರಳು ಜಗ್ಗಲ್ಲ. ಅಪ್ಪ ಮೇಲಿನ ಹಿಡಿ ತಿರುಗಿಸುತ್ತಿದ್ದರು, ಕುತ್ತಿಗೆಯ ನರ ಉಬ್ಬುತ್ತಿತ್ತು. ಕೆಳಗೆ ಅಮ್ಮ ಬಾಳೆಎಲೆಯ ತುಂಡು ಹಿಡಿದು, ಬೀಳುವ ಎಳೆ ಗೋಜಲಾಗದ ಹಾಗೆ ಕೈಯನ್ನು ಸುತ್ತಿಸುತ್ತಿದ್ದರು. ಮೊದಲ ಸುತ್ತು ಮಕ್ಕಳಿಗೆ, ಕಾಯಿಹಾಲು, ಬೆಲ್ಲ, ಏಲಕ್ಕಿ ಹಾಕಿ. ಎರಡನೇ ಸುತ್ತು ಕೋಳಿ ಸಾರಿನ ಜೊತೆ. ಅದೇ ಎಲೆ, ಅದೇ ಕೈ. ಒಂದು ಮೂಲೆಯ ಕಾಯಿಹಾಲು ಹರಿದು ಇನ್ನೊಂದು ಮೂಲೆಯ ಸಾರಿಗೆ ಸೇರಿದರೂ ಯಾರೂ ಹುಬ್ಬು ಹಾರಿಸುತ್ತಿರಲಿಲ್ಲ. ಅಂಥವನಿಗೆ ಸಿಹಿ ನೂಡಲ್ಸ್ ತೋರಿಸಿ ಹೆದರಿಸೋಕಾಗುತ್ತಾ?

ಹಾಗಂತ ಅದು ಚೆನ್ನಾಗಿತ್ತು ಅಂತಲ್ಲ. ನೂಡಲ್ಸ್ ಕರಿದಿದ್ದು, ಅದರೊಳಗೇ ಉಪ್ಪಿದೆ. ಸಿಹಿ ಮೇಲಿಂದ ಬಂದರೆ ಉಪ್ಪು ಒಳಗಿಂದ ಬರುತ್ತದೆ, ಎರಡೂ ಗಂಟಲ ಹತ್ತಿರ ಎದುರಾಗಿ ನಿಲ್ಲುತ್ತವೆ. ಅರ್ಧ ತಿಂದು ಬಿಟ್ಟೆ. ಮಂಡ್ಯದವನ ವಿಡಿಯೋ ಯಾರೂ ನೋಡಲಿಲ್ಲ.

ನನ್ನನ್ನು ನಿಜವಾಗಿ ನಿಲ್ಲಿಸಿದ್ದು ಬೇರೆಯದು. ಅದು ಅಲ್ಲಿ ಯಾರಿಗೂ ವಿಚಿತ್ರ ಅಲ್ಲವೇ ಅಲ್ಲ. ಚಳಿ ಜೋರಾದ ಮೇಲೆ ಕಪಾಟಿಗೆ ಬಂದ ನಿಸ್ಸಿನ್ ಕಂಪನಿಯ ಮಿಲ್ಕ್ ಸೀಫುಡ್ ನೂಡಲ್. ಸಮುದ್ರದ ರುಚಿಯ ಕಪ್ ನೂಡಲ್‌ಗೆ ಬಿಸಿನೀರಿನ ಬದಲು ಬಿಸಿಹಾಲು ಹಾಕಿಕೊಂಡು ತಿನ್ನುವವರು ಇದ್ದರಂತೆ. ಕಂಪನಿ ಅದನ್ನೇ ಹಿಡಿದು ಹಾಲಿನ ರುಚಿಯದ್ದನ್ನೇ ತಂದಿತು. ಕಡಲ ಸೂಪಿಗೆ ಹಾಲು!

ನಮ್ಮ ಅಜ್ಜಿ ಇದ್ದಿದ್ದರೆ ಆ ಕಪ್ಪನ್ನು ಅಂಗಳದ ಆಚೆ ಎಸೆಯುತ್ತಿದ್ದರು. ಮೀನು ತಿಂದ ದಿನ ಹಾಲು ಮುಟ್ಟುವ ಹಾಗಿಲ್ಲ, ತೊನ್ನು ಬರುತ್ತೆ ಅಂತ ಅವರ ಕಟ್ಟಪ್ಪಣೆ. ಮೀನಿನ ಊಟ ಆದ ಮೇಲೆ ಮಜ್ಜಿಗೆಗೆ ಕೈ ಚಾಚಿ ಬೆನ್ನಿಗೆ ಏಟು ತಿಂದಿದ್ದೇನೆ. ಅದು ಬರೀ ನಂಬಿಕೆ, ಹಾಗೆಲ್ಲ ತೊನ್ನು ಬರಲ್ಲ ಅಂತ ಓದಿ ತಿಳಿದವನು ನಾನು. ಬ್ಯಾಂಕಿನ ಸಾಫ್ಟ್‌ವೇರ್ ರಿಪೇರಿ ಮಾಡೋಕೆ ವಿಮಾನ ಹತ್ತಿ ಬಂದವನು. ಆದರೂ ಆ ಕಪ್ಪನ್ನು ಮೂರು ಸಲ ಕೈಗೆತ್ತಿಕೊಂಡು ಮೂರು ಸಲ ವಾಪಸ್ ಇಟ್ಟೆ. ಚಾಕೊಲೇಟಿಗೆ ಹೆದರದವನು ಹಾಲಿಗೆ ಹೆದರಿದೆ.

ನಾಲ್ಕನೇ ಸಲ ತಂದೆ. ರೂಮಿನಲ್ಲಿ ಒಬ್ಬನೇ ಇದ್ದೆ. ಮುಚ್ಚಳದಲ್ಲಿ ಎರಡು ಕಿವಿ ಇರುತ್ತವೆ. ಮೊದಲು ಮುಚ್ಚಳ ಏಳದಂತೆ ಅಂಟಿಸೋಕೆ ಕಪ್ಪಿನ ತಳದಲ್ಲಿ ಒಂದು ಪ್ಲಾಸ್ಟಿಕ್ ಸ್ಟಿಕ್ಕರ್ ಕೊಡುತ್ತಿದ್ದರು. 2021ರಲ್ಲಿ ಪ್ಲಾಸ್ಟಿಕ್ ಉಳಿಸೋಕೆ ಅದನ್ನು ತೆಗೆದು, ಹಿಡಿದು ಮಡಚೋಕೆ ಎರಡು ಕಿವಿ ಮಾಡಿದರು. ಅರ್ಧ ತೆರೆದು ಒಳಮೈ ನೋಡಿದರೆ ಬೆಕ್ಕಿನ ಮುಖದ ಚಿತ್ರ. ನೀರು ಹಾಕಿ, ಬೆಕ್ಕಿನ ಕಿವಿ ಮಡಚಿ, ಮೂರು ನಿಮಿಷ ಕೂತೆ. ಆ ಬೆಕ್ಕಿಗೂ ಹಾಲು, ಮೀನು ಎರಡೂ ಬೇಕು ನೋಡಿ. ಅದಕ್ಕೆ ಯಾವ ಅಜ್ಜಿಯೂ ಬೈದಿಲ್ಲ.

ಮುಚ್ಚಳ ತೆಗೆದಾಗ ಬಂದದ್ದು ಬೆಣ್ಣೆ ಕಾಯಿಸಿದ ಹಾಗಿನ ವಾಸನೆ, ಹಿಂದೆಯೇ ಸಮುದ್ರದ್ದು. ಸೂಪು ಗಂಜಿ ತಿಳಿಯ ಬಣ್ಣ. ಎಲೆಕೋಸು ಮೆತ್ತಗೆ, ಏಡಿಯ ಹಾಗೆ ಕಾಣುವ ಕೆಂಪಂಚಿನ ತುಂಡು, ರಬ್ಬರಿನಂತೆ ಹಲ್ಲಿಗೆ ಸಿಗುವ ಬೊಂಡಾಸ್ (ಸ್ಕ್ವಿಡ್) ಚೂರು. ಒಂದು ಗುಟುಕು ಕುಡಿದು ತೋಳು ನೋಡಿಕೊಂಡೆ. ನಗಬೇಡಿ, ನಿಜವಾಗಲೂ ನೋಡಿಕೊಂಡೆ. ಆಮೇಲೆ ತಳ ಕಾಣುವವರೆಗೆ ಕುಡಿದೆ. ಆ ಚಳಿಗಾಲ ಅದನ್ನು ಎಷ್ಟು ತಿಂದೆ ಅಂತ ಲೆಕ್ಕ ಇಟ್ಟಿಲ್ಲ. ಅಮ್ಮನಿಗೆ ಮಾತ್ರ ಇವತ್ತಿಗೂ ಹೇಳಿಲ್ಲ.

ಒಂದು ಶನಿವಾರ ಮಿನಾತೊ ಮಿರೈ ಹತ್ತಿರದ ಕಪ್ ನೂಡಲ್ಸ್ ಮ್ಯೂಸಿಯಂಗೆ ಹೋಗಿದ್ದೆವು. 2011ರಲ್ಲಿ ಶುರುವಾಗಿದ್ದು. ಒಳಗೆ ಒಂದು ಮರದ ಶೆಡ್ ಇದೆ, ಮೂಲದ ನಕಲು. 1958ರಲ್ಲಿ ಓಸಾಕಾ ಹತ್ತಿರದ ಇಕೆದಾ ಊರಿನಲ್ಲಿ, ಮನೆಯ ಹಿಂದಿನ ಅಂಥ ಶೆಡ್ಡಿನಲ್ಲೇ ನಿಸ್ಸಿನ್ ಕಂಪನಿ ಕಟ್ಟಿದ ಮೊಮೊಫುಕು ಆಂದೋ ಮೊದಲ ಇನ್‌ಸ್ಟಂಟ್ ನೂಡಲ್ಸ್ ಮಾಡಿದ್ದು. ಆಗ ಅವರಿಗೆ 48 ವರ್ಷ, ಕೈಯಲ್ಲಿ ದುಡ್ಡಿರಲಿಲ್ಲ. ನೂಡಲ್ಸನ್ನು ಒಣಗಿಸೋದು ಹೇಗೆ ಅಂತ ತಲೆ ಕೆಡಿಸಿಕೊಂಡಿದ್ದಾಗ ಹೆಂಡತಿ ನಮ್ಮ ಬಜ್ಜಿಯಂಥ ತೆಂಪುರಾ ಕರಿಯುತ್ತಿದ್ದರು. ಕಾದ ಎಣ್ಣೆಗೆ ಹಿಟ್ಟು ಬಿದ್ದಾಗ ನೀರೆಲ್ಲ ಗುಳ್ಳೆಯಾಗಿ ಓಡುತ್ತೆ, ಅದು ಹೋದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತೆ. ಆಮೇಲೆ ಬಿಸಿನೀರು ಹಾಕಿದರೆ ಅದೇ ತೂತುಗಳಿಂದ ಒಳಗೆ ಹೋಗುತ್ತೆ. ಅಷ್ಟೇ ಗುಟ್ಟು. ನಮ್ಮ ಸಂಡಿಗೆ ಉಬ್ಬುವುದೂ ನೀರು ಹಬೆಯಾಗಿ ಓಡಿದ್ದರಿಂದಲೇ ಅಲ್ವಾ? ಆದರೆ ಅದನ್ನು ಮತ್ತೆ ನೀರಿಗೆ ಹಾಕಿ ನೋಡೋಣ ಅಂತ ನಮಗೆ ಯಾರಿಗೂ ತೋಚಲಿಲ್ಲ.

ಆವಾಗ ಅದು ಅಗ್ಗದ ತಿಂಡಿಯೂ ಆಗಿರಲಿಲ್ಲ. ಒಂದು ಉಂಡೆ ಉದೋನ್ ನೂಡಲ್ಸ್ 6 ಯೆನ್‌ಗೆ ಸಿಗುತ್ತಿದ್ದಾಗ ಇದಕ್ಕೆ 35 ಯೆನ್. 1971ರಲ್ಲಿ ಬಂದ ಕಪ್ ನೂಡಲ್‌ಗೆ 100. ಮೊದಲು ಅಂಗಡಿಯವರು ಮೂಗು ಮುರಿದರಂತೆ. ಮುಂದಿನ ಫೆಬ್ರವರಿಯಲ್ಲಿ ಅಸಾಮಾ ಬೆಟ್ಟದ ತಪ್ಪಲಿನ ಒಂದು ಬಂಗಲೆಯಲ್ಲಿ ಉಗ್ರರು ಒಬ್ಬ ಹೆಂಗಸನ್ನು ಒತ್ತೆ ಇಟ್ಟುಕೊಂಡರು. ಸುತ್ತ ನಿಂತ ಪೊಲೀಸರ ಬುತ್ತಿ ಹಿಮದಲ್ಲಿ ಕಲ್ಲಾಗುತ್ತಿತ್ತು. ಅವರು ಕಪ್ ನೂಡಲ್‌ನಿಂದ ಹಬೆ ಎಬ್ಬಿಸುತ್ತಾ ತಿನ್ನುವುದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಆಮೇಲೆ ಜಾಹೀರಾತು ಯಾಕೆ ಬೇಕು?

ಮ್ಯೂಸಿಯಂನಲ್ಲಿ ನಮ್ಮದೇ ಕಪ್ಪು ಮಾಡಿಕೊಳ್ಳಬಹುದು. ನಾಲ್ಕು ಬಗೆ ಸೂಪು, ಹನ್ನೆರಡು ಬಗೆ ಚೂರು, ಅದರಲ್ಲಿ ನಾಲ್ಕು ಆರಿಸಬೇಕು. ಒಟ್ಟು 5,460 ಬಗೆ ಅಂತ ಹೇಳುತ್ತಾರೆ. ನಾನು ಸಾಲಲ್ಲಿ ನಿಂತು ಬೆರಳು ಮಡಚಿ ಲೆಕ್ಕ ಹಾಕಿದೆ, ಮೊದಲು 1,980 ಬಂತು. ಮೋಸ ಅಂದುಕೊಂಡೆ. ಒಂದೇ ಚೂರನ್ನು ನಾಲ್ಕು ಸಲ ಹಾಕಿಸಿಕೊಳ್ಳಬಹುದು ಅನ್ನೋದು ಹೊಳೆದ ಮೇಲೆ ಲೆಕ್ಕ ಸರಿಹೋಯಿತು. ಮಂಡ್ಯದವನು ಹಾಗೇ ಮಾಡಿದ. ನಾಲ್ಕು ಸಲವೂ 'ನಾಜೊ ನಿಕು', ಅಂದರೆ ನಿಗೂಢ ಮಾಂಸ. ಅದು ಕಂಪನಿ ಇಟ್ಟ ಹೆಸರಲ್ಲ, ತಿನ್ನುವವರು ಇಟ್ಟ ಅಡ್ಡಹೆಸರು. ಹಂದಿಮಾಂಸ, ಸೋಯಾ, ತರಕಾರಿ ಸೇರಿಸಿ ಮಾಡಿದ್ದು ಅಂತ 2017ರಲ್ಲಿ ಕಂಪನಿಯೇ ಬಾಯಿಬಿಟ್ಟಿತು.

ಅಂದಹಾಗೆ ಇದೇ ಕಂಪನಿಯ ಟಾಪ್ ರಾಮೆನ್ ನಮ್ಮ ಜಿಗಣಿಯಲ್ಲಿ ತಯಾರಾಗುತ್ತೆ, ಮ್ಯಾಗಿ ನಂಜನಗೂಡಿನಲ್ಲಿ. ನಾನು ಹುಡುಗನಾಗಿದ್ದಾಗ ಅದನ್ನೆಲ್ಲ ಪರದೇಶದ ತಿಂಡಿ ಅಂದುಕೊಂಡಿದ್ದೆ.

ಖಾರದ ವಿಷಯ ಒಂದಿದೆ. ಸೆವೆನ್-ಇಲೆವೆನ್ ಅನ್ನೋ ಕೊಂಬಿನಿಯಲ್ಲಿ 'ಮೋಕೋ ತನ್ಮೆನ್ ನಾಕಾಮೊತೊ' ಅನ್ನೋ ಟೋಕಿಯೋ ಹೋಟೆಲಿನ ಹೆಸರಿನ ಬಟ್ಟಲು ಸಿಗುತ್ತದೆ. ಕೆಂಪು ಎಣ್ಣೆಯ ಸಣ್ಣ ಪೊಟ್ಟಣ ಕೊನೆಗೆ ಹಾಕಬೇಕು. ಕೆಂಪು ನೋಡಿ ನಾನು ಬ್ಯಾಡಗಿ ಅಂದುಕೊಂಡೆ. ಬ್ಯಾಡಗಿ ಬಣ್ಣಕ್ಕೆ ಜಾಸ್ತಿ, ಖಾರಕ್ಕೆ ಕಮ್ಮಿ. ಇದು ಹಾಗಲ್ಲ. ಆಫೀಸಿನ ಜಪಾನೀಯರ ಮುಂದೆ "ನಾವು ಇಂಡಿಯಾದವರು" ಅಂತ ಎದೆ ತಟ್ಟಿ ಕೂತವನು ಮೂಗೊರೆಸಿಕೊಳ್ಳುತ್ತಾ ಎದ್ದೆ. ಮತ್ತೆ ಆ ಮಾತು ಬೇಡ.

ಚೌಕದ ಡಬ್ಬಿಗಳ ಕಥೆ ಬೇರೆ. ಯಾಕಿಸೋಬಾ ಅಂದರೆ ಹುರಿದ ನೂಡಲ್ಸ್, ಆದರೆ ಡಬ್ಬಿಯಲ್ಲಿ ಹುರಿಯೋದೇನೂ ಇಲ್ಲ. ನೀರಲ್ಲಿ ನೆನೆಸಿ, ಮುಚ್ಚಳದ ಮೂಲೆಯ ತೂತುಗಳಿಂದ ಬಸಿದು, ಆಮೇಲೆ ಸಾಸ್. ಮೊದಲ ಸಲ ನಾನು ಸಾಸ್ ಹಾಕಿ ಆಮೇಲೆ ನೀರು ಬಸಿದೆ. ರುಚಿಯೆಲ್ಲ ಸಿಂಕಿಗೆ ಹೋಯಿತು. ಎರಡನೇ ಸಲ ಅವಸರದಲ್ಲಿ ಮುಚ್ಚಳ ಪೂರ್ತಿ ಕಿತ್ತಿದ್ದೆ, ಬಸಿಯುವಾಗ ನೂಡಲ್ಸೇ ಸಿಂಕಿಗೆ ಬಿತ್ತು. ಇದಕ್ಕೆ ಅಲ್ಲಿ 'ದಬಾ' ಅಂತ ಒಂದು ಪದವೇ ಇದೆ, ಬೀಳುವ ಸದ್ದಿನ ಪದ. ನಮ್ಮ 'ದಬಕ್' ಥರ. ಪೆಯಾಂಗ್‌ನ ಗಿಗಾಮ್ಯಾಕ್ಸ್ ಅನ್ನೋ ರಾಕ್ಷಸ ಡಬ್ಬಿಯೂ ತಂದೆವು. ಒಂದರಲ್ಲಿ 2,142 ಕ್ಯಾಲರಿ. ಮೂರು ಜನ ತಿಂದರೂ ಉಳಿಯಿತು, ಅದರ ಬಗ್ಗೆ ಇಷ್ಟು ಸಾಕು.

ಇದರಲ್ಲೇ ಉತ್ತರದ ಹೊಕ್ಕಾಯ್ದೋ ದ್ವೀಪದ ಕಡೆ ಮಾತ್ರ ಸಿಗುವ 'ಯಾಕಿಸೋಬಾ ಬೆಂತೋ' ಇದೆ. ಅಲ್ಲಿಗೆ ಹೋಗಿದ್ದ ಸಹೋದ್ಯೋಗಿಯೊಬ್ಬರು ತಂದುಕೊಟ್ಟರು. ಅದರಲ್ಲಿ ಒಂದು ಸೂಪಿನ ಪೊಟ್ಟಣವೂ ಇರುತ್ತದೆ. ನೂಡಲ್ಸಿನಿಂದ ಬಸಿದ ಬಿಸಿನೀರನ್ನು ಚೆಲ್ಲದೆ ಒಂದು ಲೋಟಕ್ಕೆ ಹಿಡಿದು, ಅದಕ್ಕೆ ಆ ಪುಡಿ ಹಾಕಿ ಕುಡಿಯಬೇಕು. ಬೇರೆ ಊರಿನ ಜಪಾನೀಯರಿಗೇ ಇದು ವಿಚಿತ್ರ, "ಬಸಿದ ನೀರು ಕುಡಿಯೋದಾ?" ಅಂತ ಆ ಸಹೋದ್ಯೋಗಿಯೇ ಮುಖ ಮಾಡಿದರು. ಮಂಡ್ಯದವನು ಲೋಟ ಎತ್ತಿ ಒಂದು ಗುಟುಕು ಕುಡಿದು ಕಣ್ಣು ಅರಳಿಸಿದ.

"ಲೇ, ಬಸ್ಸಾರು ಕಣೋ ಇದು!"

ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಮಸಾಲೆ ಹಾಕಿ ಸಾರು, ಮೇಲೆ ಉಳಿದದ್ದು ಪಲ್ಯ. ಅವರ ಮನೆಯ ವಾರದ ಊಟ. ಅವನು ಆ ಲೋಟ ನನಗೆ ಕೊಡಲೇ ಇಲ್ಲ. ಮುದ್ದೆ ಒಂದಿದ್ದಿದ್ದರೆ ಅಂತ ಮೂರು ಸಲ ಹೇಳಿದ. ಐದು ತಿಂಗಳಲ್ಲಿ ಅವನಿಗೆ ಮನೆ ನೆನಪಾಗಿ ಕಣ್ಣು ಒದ್ದೆಯಾದದ್ದು ನಾನು ನೋಡಿದ್ದು ಆವತ್ತೊಂದೇ ದಿನ. ಖಾರ ಅಂತ ಹೇಳಿದ, ಅದರಲ್ಲಿ ಖಾರವೇ ಇರಲಿಲ್ಲ.

ಕೊನೆಗೆ ತೀರಾ ಮಾಮೂಲಿಯದ್ದು. 'ದೊಂಬೇ' ಅಂತ 1976ರಿಂದ ಇರುವ ನಿಸ್ಸಿನ್ ಕಂಪನಿಯದ್ದೇ ಬಟ್ಟಲು, ದಪ್ಪ ಉದೋನ್, ಮೇಲೆ ಸಿಹಿಯಾಗಿ ಬೇಯಿಸಿದ ಒಂದು ಹಾಳೆ ಕರಿದ ತೋಫು. ಯಾವ ಅಂಗಡಿಯಲ್ಲೂ ಸಿಗುತ್ತೆ, ಯಾರೂ ತಿರುಗಿ ನೋಡಲ್ಲ. ಜನವರಿಯಲ್ಲಿ ಓಸಾಕಾಗೆ ಹೋದಾಗ ಅಲ್ಲೂ ಅದನ್ನೇ ತಿಂದೆ. ಏನೋ ಬೇರೆ ಅನ್ನಿಸಿತು. ಸೂಪು ತಿಳಿಯಾಗಿದೆ, ಬಣ್ಣ ತೆಳು, ಮೀನಿನ ಗಡಸು ಇಲ್ಲ. ನನ್ನ ನಾಲಿಗೆಯೇ ಕೆಟ್ಟಿದೆ ಅಂದುಕೊಂಡೆ. ಮುಚ್ಚಳ ನೋಡಿದರೆ ಒಂದು ಸಣ್ಣ ಇಂಗ್ಲಿಷ್ ಅಕ್ಷರ, ಡಬ್ಲ್ಯೂ. ಯೊಕೊಹಾಮಾದ್ದರ ಮೇಲೆ ಇ ಇರುತ್ತದೆ. ಪೂರ್ವ, ಪಶ್ಚಿಮ. ಟೋಕಿಯೋ ಕಡೆಯವರಿಗೆ ಒಣಮೀನಿನ ರಸ, ಕಪ್ಪಗಿನ ಸೋಯಾ ಸಾಸ್. ಓಸಾಕಾ ಕಡೆಯವರಿಗೆ ಕೊಂಬು ಅನ್ನೋ ಕಡಲ ಪಾಚಿಯ ರಸ ಮುಂದೆ, ಬಣ್ಣ ಹಗುರ. ಒಂದೇ ಹೆಸರು, ಒಂದೇ ಚಿತ್ರ, ಒಳಗೆ ಎರಡು ನೀರು. ಎರಡರ ನಡುವೆ ಸೆಕಿಗಹಾರಾ ಅನ್ನೋ ಊರಿನ ಆಸುಪಾಸು ಗೆರೆ ಎಳೆದಿದ್ದಾರಂತೆ. ಉಡುಪಿಯ ಸಾಂಬಾರು, ಬೆಂಗಳೂರಿನ ಸಾಂಬಾರು ಅಂತ ನಾವು ಜಗಳ ಮಾಡ್ತೀವಿ, ಅವರು ಸುಮ್ನೆ ಒಂದು ಅಕ್ಷರ ಒತ್ತಿ ಎರಡೂ ಕಡೆಯವರನ್ನು ಗೆದ್ದಿದ್ದಾರೆ. ಚಾಕೊಲೇಟಿಗಿಂತ ಈ ಅಕ್ಷರವೇ ನನಗೆ ದೊಡ್ಡ ವಿಚಿತ್ರ.

ವಾಪಸ್ ಬರುವಾಗ ಸೂಟ್‌ಕೇಸಿನಲ್ಲಿ ಡಬ್ಲ್ಯೂ ಬಟ್ಟಲು ಎರಡು ತಂದೆ. ಕೊಪ್ಪದಲ್ಲಿ ಒಂದು ಮಧ್ಯಾಹ್ನ ಅಮ್ಮನಿಗೆ ಅಂತ ನೀರು ಕಾಯಿಸಿ ಹಾಕಿ, ಐದು ನಿಮಿಷ ಬಿಟ್ಟು ತಿನ್ನಿ ಅಂದೆ. ಅಷ್ಟರಲ್ಲಿ ಪಕ್ಕದ ಮನೆ ಗೌಡರ ಹೆಂಡತಿ ಬಂದರು. ಅಡಿಕೆ ಕೊನೆ ಕುಯ್ಲಿನ ಆಳುಗಳ ವಿಷಯ ಶುರುವಾಯಿತು. ಆ ವಿಷಯ ಐದು ನಿಮಿಷಕ್ಕೆ ಮುಗಿಯುತ್ತಾ? ನಾನು ಕಣ್ಣಲ್ಲೇ ಸನ್ನೆ ಮಾಡಿದೆ, ಅಮ್ಮ ನೋಡಲಿಲ್ಲ. ಅವರು ಎದ್ದು ಹೋಗುವಾಗ ಕಾಲು ಗಂಟೆ ದಾಟಿತ್ತು.

ಹಾಳಾಯ್ತು ಅಂದುಕೊಂಡೆ. ಆದರೆ ಇದಕ್ಕೂ ಜಪಾನಿನಲ್ಲಿ ಹೆಸರಿದೆ, 'ಹತ್ತು ನಿಮಿಷದ ದೊಂಬೇ'. ಹತ್ತು ನಿಮಿಷ ಬಿಟ್ಟರೆ ಇನ್ನೂ ರುಚಿ ಅಂತ ಜನ ಮಾತಾಡಿಕೊಂಡರು. 2015ರ ಕೊನೆಗೆ ಕಂಪನಿಯೇ, ನಮಗೆ ಇದು ಗೊತ್ತೇ ಇರಲಿಲ್ಲ, ಕ್ಷಮಿಸಿ ಅಂತ ಬರೆದುಕೊಂಡಿತು. ಅಮ್ಮನಿಗೆ ಅದೆಲ್ಲ ಯಾಕೆ. ಅವರು ಮುಚ್ಚಳ ತೆಗೆದು, ಊದಿಕೊಂಡ ಎಳೆಯನ್ನು ಚಮಚದಲ್ಲಿ ಕತ್ತರಿಸಿ ಬಾಯಿಗೆ ಹಾಕಿಕೊಂಡರು.

"ಮೆತ್ತಗಾಗಿದೆ, ಚೆನ್ನಾಗಿದೆ. ಇದೇನಿದು ಮೇಲೆ, ಹೋಳಿಗೆ ಥರ? ಬೆಲ್ಲ ಹಾಕಿದಾರಾ?"

"ಬೆಲ್ಲ ಅಲ್ಲ, ಸಕ್ಕರೆ."

"ಹ್ಞೂಂ. ಆ ಜಾಡಿಯಿಂದ ಎರಡು ಅಪ್ಪೆಮಿಡಿ ತಗೊಂಡು ಬಾ, ಹಾಗೇ ಹೇಗೆ ತಿನ್ನೋದು ಇದನ್ನ."

ತಂದುಕೊಟ್ಟೆ. ಇನ್ನೊಂದು ಬಟ್ಟಲು ಯಾವಾಗ ಖರ್ಚಾಯಿತೋ ನನಗೆ ಗೊತ್ತಿಲ್ಲ. ಹೋದ ತಿಂಗಳು ಊರಿಗೆ ಹೋದಾಗ ಅದರ ಖಾಲಿ ಬಟ್ಟಲಲ್ಲಿ ಕೊತ್ತಂಬರಿ ಸಸಿ ಎದ್ದಿತ್ತು.